ಬೇಡ ಅನ್ನಬಾರದು

ಕುರೊಹಾನದ ಕಮೆಜಿರೊ ಕೊಟ್ಟಿದ್ದನ್ನು ಬೇಡ ಎಂದು ಮುಂದೆ ಹೋದ ಯಾತ್ರಿಕ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ತೋಸಾ ಸೀಮೆಯ ಈ ಕಡಲದಂಡೆಯ ದಾರಿಯಲ್ಲಿ ಅವನು ಕಾಲಿಟ್ಟಿಲ್ಲ. ಬಿಳಿ ಅಂಗಿ ತೊಟ್ಟು, ಹುಲ್ಲಿನ ಟೋಪಿ ಇಟ್ಟು, ಕೋಲು ಹಿಡಿದು ಶಿಕೊಕು ದ್ವೀಪದ ಎಂಬತ್ತೆಂಟು ದೇವಸ್ಥಾನ ಸುತ್ತಲು ಹೊರಟವನು ಯಾವ ದೊರೆಮಗನೇ ಆಗಿರಲಿ, ಕಮೆಜಿರೊನ ಮನೆ ಮುಂದಿನ ತಗಡಿನ ಚಪ್ಪರ ಬಂದಾಗ ನಿಲ್ಲಲೇಬೇಕು. ಅವನು ಒಮ್ಮೆ "ಓಯ್, ಯಾತ್ರಿಕಪ್ಪಾ!" ಎಂದು ಕೂಗಿದರೆ ತಿರುವು ದಾಟಿದವನೂ ಹಿಂದಕ್ಕೆ ಬರುತ್ತಿದ್ದ. ಕಡಲಲ್ಲಿ ಬಲೆ ಎಳೆಯುತ್ತಿದ್ದವರು ತಮ್ಮನ್ನೇ ಕರೆದನೆಂದು ದೋಣಿ ತಿರುಗಿಸಿಬಿಡುತ್ತಿದ್ದರು.

ಬಂದವನನ್ನು ಕೂರಿಸಿ, ಕೈಗೆ ಬಿಸಿ ಗೆಣಸು ಕೊಟ್ಟು, ಬಾಯಿ ತುಂಬಿದ ಮೇಲೆ ಅವನು ಪಾಠ ಶುರು ಮಾಡುತ್ತಿದ್ದ. ಬಾಯಿ ತುಂಬಿದವನು ಎದುರು ಮಾತಾಡಲಾರ ಎಂಬುದು ಅವನ ಲೆಕ್ಕಾಚಾರ.

"ಕೋಲನ್ನ ಹಾಗೆ ಬಿಸಾಕ್ತೀಯೇನಯ್ಯಾ? ಅದೇನು ಪೊರಕೆನಾ? ಅದು ದಾಯಿಶಿ ಸ್ವಾಮಿಗಳು, ಈ ಯಾತ್ರೆ ಹಾಕಿಕೊಟ್ಟ ಗುರುಗಳು. ನೀನು ಒಬ್ಬನೇ ನಡೀತಿದ್ದೀನಿ ಅನ್ಕೊಂಡಿದ್ದೀಯಾ? ಅವರು ಪಕ್ಕದಲ್ಲೇ ಬರ್ತಿದ್ದಾರೆ. ಸಾಯಂಕಾಲ ತಂಗೋ ಮನೆ ಸೇರಿದ ಮೇಲೆ ಮೊದಲು ಕೋಲಿನ ಕಾಲು ತೊಳಿ, ಆಮೇಲೆ ನಿಂದು. ಕೋಲಿನ ಕಾಲು ತೊಳೆದ ಮೇಲೆ ಆವತ್ತಿನ ನಡಿಗೆ ಮುಗೀತು. ಆಮೇಲೆ ಹೊಸ್ತಿಲು ದಾಟಿದರೆ ಮಲಗಿದ ಹಿರಿಯರನ್ನ ಎಬ್ಬಿಸಿ ಎಳ್ಕೊಂಡು ಹೋದ ಹಾಗೆ. ಸೇತುವೆ ಮೇಲೆ ಕೋಲು ಊರಬೇಡ, ಎತ್ತಿ ಹಿಡಿದು ನಡಿ. ಸ್ವಾಮಿಗಳು ಸೇತುವೆ ಕೆಳಗೆ ಮಲಗಿರ್ತಾರೆ, ಟಕ್ ಟಕ್ ಅಂದರೆ ನಿದ್ದೆ ಕೆಡುತ್ತೆ. ದೇವಸ್ಥಾನದ ಗಂಟೆ ಒಳಗೆ ಹೋಗ್ತಾ ಹೊಡಿ. ಬರ್ತಾ ಹೊಡೆದರೆ ಸಿಕ್ಕಿದ ಪುಣ್ಯ ಅಲ್ಲೇ ಉದುರಿ ಹೋಗುತ್ತೆ. ಈ ಬೂಟು ಯಾರು ಕೊಡಿಸಿದ್ದು? ಒಂದಳತೆ ದೊಡ್ಡದು ತಗೋಬಾರದಾ? ಮಧ್ಯಾಹ್ನದ ಮೇಲೆ ಕಾಲು ಊದಿ ಮೂಲಂಗಿ ಆಗುತ್ತೆ, ನೋಡ್ತಿರು."

ಇಷ್ಟು ಹೇಳಿ, ಗಂಟಲು ಸರಿ ಮಾಡಿಕೊಂಡು, ಕೊನೆಯ ಮಾತಿಗೆ ಬರುತ್ತಿದ್ದ.

"ಎಲ್ಲಕ್ಕಿಂತ ದೊಡ್ಡದು ಇದು. ದಾರೀಲಿ ಯಾರು ಏನೇ ಸತ್ಕಾರ ಮಾಡಲಿ, ಬೇಡ ಅನ್ನಬಾರದು. ಅವರು ಕೊಡೋದು ನಿನಗಲ್ಲ, ಪಕ್ಕದಲ್ಲಿರೋ ಸ್ವಾಮಿಗಳಿಗೆ. ಬೇಡ ಅನ್ನೋಕೆ ನೀನ್ಯಾರು? ತಗೊ, ಕೈ ಮುಗಿ, ನಿನ್ನ ಹೆಸರಿನ ಚೀಟಿ ಅವರ ಕೈಗೆ ಕೊಡು, ಹೊರಡು."

ಒಮ್ಮೆ ಕುತ್ತಿಗೆಗೆ ನೀಲಿ ಟವಲು ಸುತ್ತಿಕೊಂಡ ಪೇಟೆಯವನೊಬ್ಬ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಬಂದ. ಕಮೆಜಿರೊ ತನ್ನ ಪುಟ್ಟ ಲಾರಿಯ ಬಾಗಿಲು ತೆಗೆದು, "ಹತ್ತು, ಮುಂದಿನ ಊರಿಗೆ ಬಿಡ್ತೀನಿ" ಎಂದ. ಅವನು ಗೋಗರೆದ. "ಅಣ್ಣಾ, ದಯವಿಟ್ಟು. ಪೂರಾ ನಡೆದೇ ಮುಗಿಸ್ತೀನಿ ಅಂತ ಹರಕೆ ಹೊತ್ತಿದ್ದೀನಿ."

"ಹರಕೆ ನಿಂದು, ಸತ್ಕಾರ ಸ್ವಾಮಿಗಳದ್ದು. ಯಾವುದು ದೊಡ್ಡದು ಹೇಳು?"

ಪೇಟೆಯವನು ಟವಲು ಹಿಂಡಿಕೊಂಡ. ಹತ್ತಿ ಕುಳಿತ, ದಾರಿಯುದ್ದಕ್ಕೂ ಅತ್ತ. ಸಂತೋಷ ತಡೆಯಲಾರದೆ ಅಳುತ್ತಿದ್ದಾನೆಂದು ಕಮೆಜಿರೊ ಇನ್ನೊಂದಷ್ಟು ದೂರ ಹೆಚ್ಚಿಗೆ ಬಿಟ್ಟು ಬಂದ. ಅವನ ಲಾರಿಯಲ್ಲಿ ಅತ್ತವರು ಒಬ್ಬರೇ ಇಬ್ಬರೇ! ಅವರ ಕಣ್ಣೀರು ಹಿಡಿದಿಟ್ಟಿದ್ದರೆ ಕುರೊಹಾನದಲ್ಲಿ ಉಪ್ಪಿನ ಕಾರ್ಖಾನೆಯನ್ನೇ ಹಾಕಬಹುದಿತ್ತು.

ಇನ್ನು ಅವನ ಹೆಂಡತಿ ಸಾವಾನೊ. ಗಂಡನದು ಕೂಗಾದರೆ ಅವಳದು ಗುಡುಗು. ಮಂಜು ಮುಸುಕಿದ ಬೆಳಿಗ್ಗೆ ದೀಪಸ್ತಂಭ ಕಾಣದಿದ್ದರೂ ಬೆಸ್ತರು ಹೆದರುತ್ತಿರಲಿಲ್ಲ. ಸಾವಾನೊ ಗಂಡನನ್ನು ಬೈಯುವ ದನಿ ಹಿಡಿದು ನೇರ ಬಂದರಿಗೆ ಬಂದುಬಿಡುತ್ತಿದ್ದರು. "ಆ ಮನುಷ್ಯ ಬೇಡ ಅಂತಿದ್ದಾನಲ್ಲ, ಬಿಡಬಾರದಾ? ನಿನ್ನ ಗೆಣಸು ತಿನ್ನದೆ ಹೋದರೆ ಲೋಕ ಮುಳುಗುತ್ತಾ?" ಎಂದು ಅವಳು ಒಳಗಿನಿಂದ ಕೂಗುವುದು, ಇವನು ಕೇಳಿಸದವನಂತೆ ಇನ್ನೊಂದು ಗೆಣಸು ತುರುಕುವುದು, ಇದೇ ಆ ಮನೆಯ ಸಂಸಾರ.

ಅಂಥವಳು ಒಂದು ಬೆಳಿಗ್ಗೆ ಅನ್ನದ ಪಾತ್ರೆ ಕೈಯಲ್ಲಿ ಹಿಡಿದಂತೆಯೇ ಕುಸಿದಳು. ಆಸ್ಪತ್ರೆಯಿಂದ ಮನೆಗೆ ಬಂದಾಗ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತು ನಿಂತುಹೋಗಿತ್ತು. ಬಾಯಿ ತೆರೆದು ಎಷ್ಟು ಒದ್ದಾಡಿದರೂ ಅರ್ಧ ಅಕ್ಷರ ಹೊರಬಂದು ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಬರಲೂಬಹುದು, ಬರದಿರಲೂಬಹುದು, ಜೊತೆಗೆ ಕೂತು ಮಾತಾಡಿಸುತ್ತಿರಿ ಎಂದರು ಡಾಕ್ಟರು. ಕುರೊಹಾನದಲ್ಲಿ ಅಂಥ ನಿಶ್ಶಬ್ದ ಯಾರೂ ಕೇಳಿರಲಿಲ್ಲ. ಮನೆಯಲ್ಲಿ ಗಡಿಯಾರವಿತ್ತೆಂಬುದು ಕಮೆಜಿರೊಗೆ ಆಗ ಗೊತ್ತಾಯಿತು.

ಎದುರು ಕೂತು ಮಾತಾಡಿಸಲು ಅವನಿಗೆ ಬರಲಿಲ್ಲ. ಬೈಸಿಕೊಂಡು ಗೊತ್ತೇ ಹೊರತು ಮಾತಾಡಿ ಗೊತ್ತಿಲ್ಲ. ಎರಡು ದಿನ ಕೂತ, ಮೂರನೆಯ ದಿನ ಎದ್ದುನಿಂತ. ಊರೆಲ್ಲ ಸೇರಿಸಿ ಹರಕೆ ಹೊತ್ತ. ದ್ವೀಪದ ಎಂಬತ್ತೆಂಟು ದೇವಸ್ಥಾನ ನಡೆದೇ ಸುತ್ತುತ್ತೇನೆ, ಮನೆಯ ಚಪ್ಪರದಿಂದ ಹೊರಟು ಅದೇ ಚಪ್ಪರಕ್ಕೆ ನಡೆದೇ ಬರುತ್ತೇನೆ, ಚಕ್ರದ ಮೇಲೆ ಒಂದು ಗೇಣೂ ಹೋಗುವುದಿಲ್ಲ, ಹೋದರೆ ಹರಕೆ ಮುರಿಯಿತು. ಮುರಿಯದಿದ್ದರೆ ಸಾವಾನೊಗೆ ಮಾತು ಬರಬೇಕು.

ಹೊರಡುವ ಬೆಳಿಗ್ಗೆ ಸಾವಾನೊ ಎಡಗೈಯಲ್ಲಿ ಅವನ ಅಂಗಿಯ ತೋಳು ಹಿಡಿದಳು. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು.

"ಬೇ... ಬೇ..."

"ನೋಡಿದ್ರಾ! ಬೇಗ ಬಾ ಅಂತಿದ್ದಾಳೆ" ಎಂದ ಕಮೆಜಿರೊ ಊರವರ ಕಡೆ ತಿರುಗಿ.

ಅಕ್ಕನನ್ನು ನೋಡಿಕೊಳ್ಳಲು ಬಂದಿದ್ದ ನಾದಿನಿ ನೊಬುಎ ಬಾಗಿಲಲ್ಲಿ ನಿಂತಿದ್ದಳು. "ಬೇಡ ಅಂತಿದ್ದಾಳೋ ಏನೋ ಭಾವ, ಸ್ವಲ್ಪ ನಿಂತು ಕೇಳಬಾರದಾ?"

"ನಮ್ಮನೇಲಿ ಆ ಮಾತೇ ಇಲ್ಲ ಕಣೇ" ಎಂದು ಕಮೆಜಿರೊ ನಕ್ಕು, ಹೆಂಡತಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಹೊರಟ.

ಅವನು ನಡೆದ ನಡಿಗೆಯನ್ನು ಏನೆಂದು ಹೇಳುವುದು! ಬೆಟ್ಟಗಳು ಇವನನ್ನು ಕಂಡು ಪಕ್ಕಕ್ಕೆ ಸರಿದವು. ಇಯೊ ಸೀಮೆಯ ಕಡಿದಾದ ಮೆಟ್ಟಿಲುಗಳಲ್ಲಿ ಬಸ್ಸಿನಲ್ಲಿ ಬಂದ ಹುಡುಗರು ಏದುಸಿರು ಬಿಡುತ್ತಿದ್ದರೆ ಇವನು ಪ್ರಾರ್ಥನೆಯ ಸೂತ್ರ ಹೇಳುತ್ತ ಹತ್ತಿ, ಸೂತ್ರ ಹೇಳುತ್ತ ಇಳಿದ. ಸೇತುವೆ ಬಂದರೆ ಕೋಲೆತ್ತಿ ಬೆಕ್ಕಿನಂತೆ ದಾಟಿದ. ಹೊಳೆಯ ಮೀನಿಗೂ ಇವನು ದಾಟಿದ್ದು ಗೊತ್ತಾಗಲಿಲ್ಲ. ಸಂಜೆಯಾದರೆ ಮೊದಲು ಕೋಲಿನ ಕಾಲು ತೊಳೆದು, ಮಗುವಿನ ಕಾಲು ಒರೆಸಿದಂತೆ ಒರೆಸಿ, ಗೋಡೆಯ ಗೂಡಿನಲ್ಲಿ ನಿಲ್ಲಿಸಿ, ಆಮೇಲೆ ತನ್ನ ಬೊಬ್ಬೆಗಳನ್ನು ನೋಡಿಕೊಂಡ.

ಅವನನ್ನು ಬಗ್ಗಿಸಿದ್ದು ಸತ್ಕಾರ. ಬೇಡ ಅನ್ನುವಂತಿಲ್ಲವಲ್ಲ! ಒಬ್ಬಳು ಕಿತ್ತಳೆ ಕೊಟ್ಟಳು, ಪರವಾಗಿಲ್ಲ. ಇನ್ನೊಬ್ಬಳು ಉಪ್ಪಿನಕಾಯಿ ಹುದುಗಿಸಿದ ಅನ್ನದುಂಡೆ ಕೊಟ್ಟಳು, ಇರಲಿ. ಸಾನುಕಿ ಸೀಮೆಯಲ್ಲಿ ಮೂರು ಮನೆಯವರು ಸಾಲಾಗಿ ಕೂರಿಸಿ ಮೂರು ಬೋಗುಣಿ ನೂಡಲ್ಸ್ ಇಳಿಸಿದರು. ಮೂರನೆಯದನ್ನು ನುಂಗುವಾಗ ಮೊದಲನೆಯದು ಕಿವಿಯಲ್ಲಿ ಬಂದಂತಾಯಿತು. ಆವಾ ಸೀಮೆಯಲ್ಲಿ ರೈತನೊಬ್ಬ ಕೈಗಾಡಿಯಲ್ಲೂ ಹಿಡಿಯದ ಕುಂಬಳಕಾಯಿ ತಂದು ಬೆನ್ನಿಗೆ ಕಟ್ಟಿದ. "ಅಣ್ಣಾ, ಭಾರ ಆಗುತ್ತೇನೋ" ಎಂದ ಕಮೆಜಿರೊ ಮೆಲ್ಲಗೆ. "ಆಗಲಿ ಬಿಡು, ಅರ್ಧ ಸ್ವಾಮಿಗಳು ಹೊರ್ತಾರೆ" ಎಂದ ರೈತ. ಸ್ವಾಮಿಗಳು ಹೊರಲಿಲ್ಲ. ಆ ಕುಂಬಳಕಾಯಿಯನ್ನು ಹೊತ್ತುಕೊಂಡೇ ಅವನು ಉಳಿದ ದೇವಸ್ಥಾನಗಳನ್ನೆಲ್ಲ ನೋಡಿದ. ಕೊಟ್ಟದ್ದನ್ನು ದಾರಿಯಲ್ಲಿ ಬಿಟ್ಟು ಹೋಗಬಾರದು ಎಂಬುದೂ ಅವನದೇ ಪಾಠ.

ಕಡೆಗೆ ಎಲ್ಲ ದೇವಸ್ಥಾನಗಳೂ ಮುಗಿದವು. ಮನೆಯಿಂದ ಶುರುವಾದ ವೃತ್ತ ಮನೆಯಲ್ಲಿ ಕೂಡಿಕೊಳ್ಳಲು ಒಂದೇ ಒಂದು ದಾರಿ ಉಳಿದಿತ್ತು. ಕಣಿವೆ ಇಳಿದು, ಹೊಳೆ ದಾಟಿ, ದಂಡೆ ಹಿಡಿದರೆ ಕುರೊಹಾನ. ನಡೆದರೆ ಬಿಸಿಲು ಇಳಿಯುವ ಹೊತ್ತಿಗೆ ಚಪ್ಪರ. ಸಾವಾನೊ ಮೊದಲು ಏನೆಂದು ಬೈಯುತ್ತಾಳೆ ಎಂದು ಅವನು ಯೋಚಿಸುತ್ತ ಬರುತ್ತಿದ್ದ. "ಎಲ್ಲಿ ಹಾಳಾಗಿ ಹೋಗಿದ್ದೆ" ಅನ್ನಬಹುದು. "ಈ ಕುಂಬಳಕಾಯಿ ಯಾರ ತಲೆಗೆ" ಅನ್ನಬಹುದು. ಯಾವುದಾದರೂ ಸರಿ. ಕಿವಿ ತುಂಬ ಕೇಳಬೇಕು.

ಹಿಂದಿನಿಂದ ಒಂದು ಬಿಳಿ ಕಾರು ರಸ್ತೆಯ ಎರಡೂ ಅಂಚುಗಳನ್ನು ಸಮವಾಗಿ ಮುಟ್ಟುತ್ತ ಬಂದು, ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರ ನಿಂತಿತು. ಸ್ಟಿಯರಿಂಗಿನ ಮೇಲಿಂದ ಎರಡು ಕಣ್ಣು, ಒಂದು ಕೆಂಪು ಟೋಪಿ ಮಾತ್ರ ಕಾಣುತ್ತಿದ್ದವು. ಕಿಟಕಿ ಇಳಿಯಿತು. ಬೆಟ್ಟಗಳಿಗಿಂತ ಮೊದಲು ಹುಟ್ಟಿದಂಥ ಒಬ್ಬ ಅಜ್ಜಿ.

"ಹತ್ತಪ್ಪಾ ಯಾತ್ರಿಕಾ. ನಾನು ಇಸೊ. ಕುರೊಹಾನದ ತನಕ ಬಿಡ್ತೀನಿ."

ಕಮೆಜಿರೊ ಕುಂಬಳಕಾಯಿ ಸಮೇತ ಒಂದು ಹೆಜ್ಜೆ ಹಿಂದೆ ಸರಿದ. "ಅಜ್ಜೀ, ತುಂಬಾ ಉಪಕಾರ ಆಯ್ತು. ನೀವು ಕೇಳಿದ್ದೇ ಸಾಕು. ನಾನು... ಕಾಲೆಲ್ಲ ಕೆಸರು, ಸೀಟು ಹಾಳಾಗುತ್ತೆ."

"ಸೀಟು ನನ್ನ ಮೊಮ್ಮಗಂದು. ಹಾಳಾಗಲಿ, ನಂಗೆ ಗಾಡಿ ಕೊಡಲ್ಲ ಅಂತಾನೆ."

"ಕುಂಬಳಕಾಯಿ ಇದೆ."

"ಅದಕ್ಕೂ ಜಾಗ ಇದೆ."

"ಹರಕೆ ಇದೆ ಅಜ್ಜಿ" ಎಂದ ಕಮೆಜಿರೊ, ಕೊನೆಯ ಹಗ್ಗ ಹಿಡಿದವನಂತೆ. "ಪೂರಾ ನಡೆದೇ ಮುಗಿಸ್ತೀನಿ ಅಂತ."

ಅಜ್ಜಿ ಕೆಳಗಿಳಿದು ಬಂದಳು. ಅವನ ಎದೆಯವರೆಗೂ ಬರುತ್ತಿರಲಿಲ್ಲ. ಬೆರಳೆತ್ತಿ ಹೇಳಿದಳು: "ಹರಕೆ ನಿಂದು, ಸತ್ಕಾರ ಸ್ವಾಮಿಗಳದ್ದು. ಯಾವುದು ದೊಡ್ಡದು ಹೇಳು?"

ಕಮೆಜಿರೊ ಕಣ್ಣು ಕಣ್ಣು ಬಿಟ್ಟ.

"ನನ್ನ ಮಾತಲ್ಲಪ್ಪಾ ಇದು. ಕುರೊಹಾನದಲ್ಲಿ ಕಮೆಜಿರೊ ಅಂತ ಒಬ್ಬ ದೊಡ್ಡ ಮನುಷ್ಯ ಇದ್ದಾನಂತೆ, ಅವನು ಹೇಳಿದ್ದು. ಅವನಿಗೆ ಎದುರಾಡಿದವರೇ ಇಲ್ಲವಂತೆ. ನೀನು ಆಡ್ತೀಯಾ?"

ಲೋಕದಲ್ಲಿ ಎಷ್ಟು ಉತ್ತರಗಳಿವೆಯೋ ಅಷ್ಟನ್ನೂ ಅವನು ಆ ಕ್ಷಣದಲ್ಲಿ ಹುಡುಕಿದ. ಆ ಪ್ರಶ್ನೆಗೆ ಉತ್ತರ ಇಲ್ಲದ ಹಾಗೆ ನೋಡಿಕೊಂಡೇ ಅದನ್ನು ಕಟ್ಟಿದ್ದವನು ಅವನೇ. ನಾನೇ ಆ ಕಮೆಜಿರೊ ಅನ್ನೋಣವೆಂದರೆ, ಊರಿಗೆಲ್ಲ ಹೇಳಿ ತಾನು ಮಾತ್ರ ತಪ್ಪಿಸಿಕೊಂಡ ಎಂಬ ಸುದ್ದಿ ನಾಳೆ ಎಂಬತ್ತೆಂಟು ದೇವಸ್ಥಾನಕ್ಕೂ ಮುಟ್ಟುತ್ತದೆ. ಬೇಡ ಅಂದರೆ ಸ್ವಾಮಿಗಳನ್ನೇ ತಳ್ಳಿದಂತೆ. ಸ್ವಾಮಿಗಳನ್ನು ತಳ್ಳಿದ ಮೇಲೆ ಸಾವಾನೊಗೆ ಮಾತು ಕೊಡುವವರು ಯಾರು? ಹತ್ತಿದರೆ ಹರಕೆ ಮುರಿಯಿತು, ಆಗಲೂ ಮಾತಿಲ್ಲ. ಎಡಕ್ಕೆ ಕಾಲಿಟ್ಟರೂ ಬಾವಿ, ಬಲಕ್ಕೆ ಕಾಲಿಟ್ಟರೂ ಬಾವಿ.

ಅವನು ಯೋಚಿಸುತ್ತಿರುವಾಗಲೇ ಅಜ್ಜಿ ಅವನ ಕೈಯಿಂದ ಕೋಲು ತೆಗೆದುಕೊಂಡು, ಕಣ್ಣಿಗೊತ್ತಿ, ಮುಂದಿನ ಸೀಟಿನಲ್ಲಿ ಒರಗಿಸಿ, ಬೆಲ್ಟು ಬಿಗಿದಿದ್ದಳು. "ಸ್ವಾಮಿಗಳು ಹತ್ತಿ ಕೂತಾಯ್ತು. ನೀನು ಹಿಂದೆ ಕೂರು."

ಅವನು ಹಿಂದೆ ಕುಳಿತ, ತೊಡೆಯ ಮೇಲೆ ಕುಂಬಳಕಾಯಿ. ಸತ್ಕಾರ ಮಾಡಿದವರಿಗೆ ಹೆಸರಿನ ಚೀಟಿ ಕೊಡಬೇಕು. ಕೊಟ್ಟ. ಅಜ್ಜಿ ಅದನ್ನು ಮೂಗಿನ ಹತ್ತಿರ ಹಿಡಿದಳು, ತೋಳುದ್ದ ದೂರ ಹಿಡಿದಳು, ಕನ್ನಡಿಗೆ ಸಿಕ್ಕಿಸಿದಳು. "ಕನ್ನಡಕ ಮನೇಲಿ ಬಿಟ್ಟು ಬಂದಿದ್ದೀನಿ. ಆಮೇಲೆ ಓದ್ತೀನಿ."

"ಕನ್ನಡಕ ಇಲ್ಲದೆ ಗಾಡಿ..."

"ದಾರಿ ಗೊತ್ತು ಬಿಡಪ್ಪಾ, ಎಷ್ಟು ವರ್ಷದಿಂದ ಇಲ್ಲೇ ಇದೆ."

ಕಾರು ಹೊರಟಿತು. ಚಕ್ರ ಉರುಳಿದ ಮೊದಲ ಗೇಣು ಅವನ ಎದೆಯ ಮೇಲೇ ಉರುಳಿದಂತಾಯಿತು. ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಕಾರಿನ ನೆಲದ ಮೇಲೆ ಎಡಗಾಲು, ಬಲಗಾಲು, ಎಡಗಾಲು, ಬಲಗಾಲು ಎಂದು ಕೂತಲ್ಲೇ ನಡೆಯತೊಡಗಿದ. ಚಕ್ರ ಎಷ್ಟು ಬೇಗ ತಿರುಗಿದರೆ ಅಷ್ಟು ಬೇಗ. ಇಳಿಜಾರು ಬಂದಾಗ ಅವನ ಕಾಲುಗಳು ನೇಕಾರನ ಮಗ್ಗದಂತೆ ಬಡಿದುಕೊಂಡವು. ಬೆವರು ಕುಂಬಳಕಾಯಿಯ ಮೇಲೆ ತೊಟ್ಟಿಕ್ಕಿತು.

"ಚಳಿಯೇನಪ್ಪಾ? ಹೀಟರ್ ಹಾಕ್ಲಾ?"

ಬೇಡ ಅನ್ನುವಂತಿಲ್ಲ. ಹೀಟರ್ ಬಂತು. ಅವನು ಆ ಬೇಗೆಯಲ್ಲೂ ನಡೆದ.

ಸೇತುವೆ ಬಂತು. ಮುಂದಿನ ಸೀಟಿನಲ್ಲಿ ಕೋಲು ಬೆಲ್ಟಿನೊಳಗೆ ಅಲುಗಾಡುತ್ತಿತ್ತು. "ಅಜ್ಜೀ, ಹಾರ್ನ್ ಮಾತ್ರ ಹೊಡೀಬೇಡಿ, ಕೆಳಗೆ..." "ಗೊತ್ತಪ್ಪಾ" ಎಂದು ಅಜ್ಜಿ ರೇಡಿಯೋ ಆರಿಸಿದಳು. ತನ್ನ ಮಾತೂ ತಗ್ಗಿಸಿ, ಪಿಸುಗುಟ್ಟುವ ದನಿಯಲ್ಲಿ ಹೇಳಿದಳು: "ನನ್ನ ಅಳಿಯನೂ ಒಂದು ಸಲ ನಡೆಯೋಕೆ ಹೊರಟಿದ್ದ. ಆ ಕಮೆಜಿರೊನೇ ಮಳೇಲಿ ಲಾರಿ ಹತ್ತಿಸಿ ಬಿಟ್ಟನಂತೆ. ಅತ್ತುಬಿಟ್ಟೆ ಅಂತ ಇವತ್ತಿಗೂ ಹೇಳ್ತಾನೆ."

ಕಮೆಜಿರೊನ ಕಾಲುಗಳು ನಿಧಾನವಾದವು. "ಸಂತೋಷಕ್ಕಾ?"

"ಯಾರಿಗ್ಗೊತ್ತು. ಅಲ್ಲಿಂದ ಸೀದಾ ಮನೆಗೆ ಬಂದ. ಮತ್ತೆ ನಡೀಲಿಲ್ಲ. ನೀಲಿ ಟವಲು ಇವತ್ತಿಗೂ ಮೊಳೆಗೆ ನೇತಾಡ್ತಿದೆ, ಮುಟ್ಟೋಕೆ ಬಿಡಲ್ಲ. ಏನು ಹರಕೆಯಿತ್ತೋ ಏನೋ. ನಾವೂ ಕೇಳಲಿಲ್ಲ, ಅವನೂ ಹೇಳಲಿಲ್ಲ."

ಕಾಲುಗಳು ನಿಂತೇಹೋದವು. ಸೇತುವೆ ದಾಟಿದ ಮೇಲೂ ಅವನು ಮತ್ತೆ ನಡೆಯಲಿಲ್ಲ. ಕುಂಬಳಕಾಯಿಯನ್ನು ಅಪ್ಪಿಕೊಂಡು, ಕಿಟಕಿಯಾಚೆ ತಾನು ನಡೆಯಬೇಕಾಗಿದ್ದ ದಾರಿ ಹಿಂದಕ್ಕೆ ಓಡುವುದನ್ನು ನೋಡುತ್ತ ಕುಳಿತ. ಕಣ್ಣು ತುಂಬಿ ಬಂತು. ಅಜ್ಜಿ ಕನ್ನಡಿಯಲ್ಲಿ ನೋಡಿ, ಮೃದುವಾಗಿ, "ಅಳು ಅಳು, ಸಂತೋಷಕ್ಕೆ ಅಳಬೇಕು" ಎಂದಳು.

ಕಾರು ಕುರೊಹಾನದ ತಗಡಿನ ಚಪ್ಪರದ ಒಂದು ಕಂಬಕ್ಕೆ ಮುತ್ತಿಟ್ಟು ನಿಂತಿತು. ಚಪ್ಪರದ ಕೆಳಗೆ ಸಾವಾನೊ ಕೂತಿದ್ದಳು. ಎದುರಿಗೆ ಚಹಾದ ಕೆಟಲು, ಗೆಣಸಿನ ಬುಟ್ಟಿ, ಬೆಂಚಿನಲ್ಲಿ ಬಿಳಿ ಅಂಗಿಯ ಯಾತ್ರಿಕಳೊಬ್ಬಳು. ಸಾವಾನೊ ಎಡಗೈಯಲ್ಲಿ ಗೆಣಸು ಚಾಚಿದಳು. ಯಾತ್ರಿಕಳು ಹೊಟ್ಟೆ ಮುಟ್ಟಿಕೊಂಡು, "ಬೇಡಮ್ಮಾ, ತುಂಬಿದೆ" ಎಂದಳು. ಸಾವಾನೊ ತಲೆಯಾಡಿಸಿ, ಗೆಣಸನ್ನು ಬುಟ್ಟಿಗೆ ಹಾಕಿ, ನಗುತ್ತ ಕೈ ಬೀಸಿ ಕಳಿಸಿಕೊಟ್ಟಳು. ಆ ಚಪ್ಪರದಲ್ಲಿ ಅಂಥದ್ದೊಂದು ನಡೆದದ್ದನ್ನು ಕಮೆಜಿರೊ ಕಾರಿನ ಒಳಗಿಂದ, ಬಾಗಿಲು ತೆಗೆಯುವುದನ್ನೂ ಮರೆತು ನೋಡಿದ.

"ಅಯ್ಯೋ, ಕಮೆಜಿರೊ ಭಾವ!" ಎಂದು ನೊಬುಎ ಓಡಿ ಬಂದಳು. ಆಮೇಲೆ ಕಾರು ಕಂಡು ಅಲ್ಲೇ ನಿಂತಳು.

"ನೀನೇನಾ ಕಮೆಜಿರೊ?" ಇಸೊ ಅಜ್ಜಿ ಚಪ್ಪಾಳೆ ತಟ್ಟಿದಳು. "ಅದಕ್ಕೇ ನೋಡು, ಇಷ್ಟಾದರೂ ಬೇಡ ಅನ್ನಲಿಲ್ಲ! ಹೇಳಿದ ಹಾಗೇ ನಡ್ಕೊಂಡೆಯಲ್ಲಪ್ಪಾ!"

ಸಾವಾನೊ ಎದ್ದು, ಒಂದು ಕಾಲೆಳೆಯುತ್ತ ಹತ್ತಿರ ಬಂದಳು. ಕೆಸರು ಕಾಲು ನೋಡಿದಳು, ಕುಂಬಳಕಾಯಿ ನೋಡಿದಳು, ಕಾರಿನ ಚಕ್ರ ನೋಡಿದಳು.

"ಮುರಿದುಹೋಯ್ತು ಕಣೇ" ಎಂದ ಕಮೆಜಿರೊ. ಕಡಲಿನ ದೋಣಿ ತಿರುಗಿಸುತ್ತಿದ್ದ ಕೂಗು ಅವನ ಗಂಟಲಲ್ಲಿ ಎಲ್ಲೂ ಇರಲಿಲ್ಲ. "ಇಷ್ಟೇ ಇಷ್ಟು ಉಳಿದಿತ್ತು. ಅಷ್ಟನ್ನೂ ನಡೆಯೋಕಾಗಲಿಲ್ಲ. ಈಗಲೇ ವಾಪಸ್ ಹೋಗ್ತೀನಿ. ಹತ್ತಿದ ಜಾಗದಿಂದ ಮತ್ತೆ ನಡೆದು ಬರ್ತೀನಿ. ಆಗ ಲೆಕ್ಕಕ್ಕೆ ಬರುತ್ತೇನೋ... ಬರಬಹುದು. ಅಲ್ವಾ?"

ಸಾವಾನೊ ಅವನ ತೋಳು ಹಿಡಿದಳು. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು.

"ಬೇ... ಬೇ..."

"ಬೇಗ ಹೋಗಿ ಬಾ ಅಂತಿದ್ದಾಳೆ ಪಾಪ!" ಎಂದು ಇಸೊ ಅಜ್ಜಿ ಕಾರಿನ ಹಿಂದಿನ ಬಾಗಿಲು ಮತ್ತೆ ತೆಗೆದಳು. "ನಡೆದು ಹೋಗಿ ನಡೆದು ಬಂದರೆ ಕತ್ತಲಾಗುತ್ತೆ. ಬಾ ಹತ್ತು, ಆ ಜಾಗಕ್ಕೆ ನಾನೇ ಬಿಟ್ಟು ಬರ್ತೀನಿ. ಇದೂ ಸತ್ಕಾರವೇ."

ಕಮೆಜಿರೊ ಹೆಂಡತಿಯ ಮುಖ ನೋಡಿದ. ಹೊರಟ ದಿನ ಇದೇ ಬೆರಳುಗಳು, ಇದೇ ಅರ್ಧ ಅಕ್ಷರ. ಅವತ್ತು ಊರಿನವರ ಮುಖ ನೋಡುತ್ತ ಕೇಳಿದ್ದನ್ನು ಇವತ್ತು ಅವಳ ಕಣ್ಣು ನೋಡುತ್ತ ಕೇಳಿಸಿಕೊಂಡ. ಅದು ಬೇಗ ಅಲ್ಲ. ಯಾವತ್ತೂ ಬೇಗ ಆಗಿರಲಿಲ್ಲ.

ಅವನು ಅಜ್ಜಿಯ ಕಡೆ ತಿರುಗಿದ. ಹೇಳಬೇಕಾದ್ದು ಎರಡೇ ಅಕ್ಷರ. ಜನ್ಮವಿಡೀ ಇನ್ನೊಬ್ಬರ ಬಾಯಲ್ಲಿ ಬರಗೊಡದ ಎರಡು ಅಕ್ಷರ. ಬಾಯಿ ತೆರೆದ.

"ಬೇ..." ಎಂದ ಕಮೆಜಿರೊ. ಅಲ್ಲಿಗೇ ಸಿಕ್ಕಿಕೊಂಡಿತು. ಮತ್ತೆ ತೆರೆದ. "ಬೇ..."

"ಬೇಗ ಬೇಗ, ಹತ್ತು ಮತ್ತೆ" ಎಂದಳು ಅಜ್ಜಿ.

ಗಂಡ ಹೆಂಡತಿ ಇಬ್ಬರೂ ಅರ್ಧ ಅಕ್ಷರ ಬಾಯಲ್ಲಿಟ್ಟುಕೊಂಡು ತಗಡಿನ ಚಪ್ಪರದ ಕೆಳಗೆ ನಿಂತರು. ಕುರೊಹಾನದ ಅತಿ ದೊಡ್ಡ ಎರಡು ಗಂಟಲುಗಳು. ಕಡಲೇ ಕಿವಿಗೊಟ್ಟು ಅಲೆ ನಿಲ್ಲಿಸಿತ್ತು ಎಂದು ನೊಬುಎ ಇವತ್ತಿಗೂ ಹೇಳುತ್ತಾಳೆ.

ಆಗ ಸಾವಾನೊ ಅವನ ತೋಳು ಬಿಟ್ಟಳು. ಕಾಲೆಳೆಯುತ್ತ ಕಾರಿನ ಮುಂದಿನ ಬಾಗಿಲಿಗೆ ಹೋದಳು. ಬೆಲ್ಟು ಎಡಗೈಗೆ ಸುಲಭಕ್ಕೆ ಬಿಡಲಿಲ್ಲ. ಅಜ್ಜಿಯೇ ಬಾಗಿ ಗುಂಡಿ ಒತ್ತಿದಳು. ಸಾವಾನೊ ಕೋಲನ್ನು ಕಂಕುಳಲ್ಲಿ ಒತ್ತಿ ಹಿಡಿದು ಚಪ್ಪರಕ್ಕೆ ತಂದು, ಬೆಂಚಿನ ಮೇಲೆ ಅಡ್ಡ ಮಲಗಿಸಿದಳು. ಕೆಟಲು ಎತ್ತಿದಳು. ಅರ್ಧ ಚಹಾ ತನ್ನ ಚಪ್ಪಲಿಯ ಮೇಲೆ, ಅರ್ಧ ಕೋಲಿನ ತುದಿಯ ಮೇಲೆ ಸುರಿಯಿತು. ಸೊಂಟಕ್ಕೆ ಕಟ್ಟಿದ್ದ ಅಡುಗೆ ಬಟ್ಟೆಯಿಂದ ಕೋಲಿನ ಕಾಲನ್ನು ಒರೆಸಿದಳು. ಕೆಸರು ಹೋಗುವ ತನಕ, ಹೋದ ಮೇಲೂ ಒರೆಸಿದಳು.

ಕೋಲಿನ ಕಾಲು ತೊಳೆದ ಮೇಲೆ ಆವತ್ತಿನ ನಡಿಗೆ ಮುಗಿಯಿತು. ಅದು ಆ ದಾರಿಯ ಮಗುವಿಗೂ ಗೊತ್ತು. ಇಸೊ ಅಜ್ಜಿ ಹಿಂದಿನ ಬಾಗಿಲು ಮೆಲ್ಲಗೆ ಮುಚ್ಚಿ, ಟೋಪಿ ತೆಗೆದು, ಕೋಲಿಗೆ ತಲೆಬಾಗಿದಳು.

ಕಮೆಜಿರೊ ಬೆಂಚಿನ ತುದಿಯಲ್ಲಿ ಕುಳಿತ. ಹರಕೆ ಉಳಿಯಿತೋ ಮುರಿಯಿತೋ ಹೇಳುವವರಿರಲಿಲ್ಲ. ಮಾತು ಬರುತ್ತದೋ ಇಲ್ಲವೋ, ಅದೂ ಇಲ್ಲ. ಸಾವಾನೊ ಪಕ್ಕದಲ್ಲಿ ಕೂತು ಅವನ ಕೈಗೊಂದು ತಣ್ಣಗಾದ ಗೆಣಸು ಕೊಟ್ಟಳು. ಹೊಟ್ಟೆಯಲ್ಲಿ ಜಾಗವಿರಲಿಲ್ಲ. ತಿಂದ. ತಿನ್ನುತ್ತ, ಏನು ಮಾತಾಡಬೇಕೆಂದು ತಿಳಿಯದೆ, ಕುಂಬಳಕಾಯಿಯ ಕಥೆ ಹೇಳತೊಡಗಿದ. ಅವಳು ಕೇಳುತ್ತ ಕುಳಿತಳು.

ಇಸೊ ಅಜ್ಜಿ ಕಾರು ಹತ್ತಿ, ಚಪ್ಪರದ ಕಂಬಕ್ಕೆ ಇನ್ನೊಂದು ಮುತ್ತಿಟ್ಟು ಹಿಂದೆ ತೆಗೆದು, ಕಿಟಕಿಯಿಂದ ತಲೆ ಹೊರಹಾಕಿದಳು.

"ಬೆಳಿಗ್ಗೆ ಬರ್ತೀನಪ್ಪಾ. ರೆಡಿಯಾಗಿರು, ಆ ಜಾಗಕ್ಕೆ ಬಿಡ್ತೀನಿ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರ ಬಾಯೂ ತೆರೆಯಿತು.